ಹರೆಯದ ನಿದ್ದೆ

ಮಂಗಳೂರಿನ ಉರ್ವಸ್ಟೋರಿನಲ್ಲಿ ಬೆಳಗಿನ ಬಸ್ಸು ಹತ್ತುವ ವಿದ್ಯಾರ್ಥಿಗಳನ್ನು ನೋಡಬೇಕು. ಸೀಟು ಸಿಕ್ಕಿದವನು ಲೇಡಿಹಿಲ್ ತಲುಪುವುದರೊಳಗೆ ಕಿಟಕಿಗೆ ತಲೆಯಾನಿಸಿ ತೂಕಡಿಸುತ್ತಾನೆ. ಸಿಗದವನು ಕಂಬಿ ಹಿಡಿದು ನಿಂತಲ್ಲೇ ಕಣ್ಣು ಮುಚ್ಚುತ್ತಾನೆ. ಹಿರಿಯರು ಇಂಥವರನ್ನು ಕುಂಭಕರ್ಣನಿಗೆ ಹೋಲಿಸುವುದುಂಟು. ಹೋಲಿಕೆಯಲ್ಲಿ ಹಾಸ್ಯವಿದೆ, ನ್ಯಾಯವಿಲ್ಲ. ಕುಂಭಕರ್ಣನು ಆರು ತಿಂಗಳು ಮಲಗಿ ಎದ್ದವನು; ಇವರಲ್ಲಿ ಹಲವರಿಗೆ ಆರು ಗಂಟೆಯ ನಿದ್ದೆಯೂ ದೊರೆತಿರುವುದಿಲ್ಲ.

13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ದೆ ಬೇಕೆಂಬುದು ತಜ್ಞವೈದ್ಯರ ಅಭಿಮತ. ಆದರೆ ನಿದ್ದೆಯು ಕರೆದೊಡನೆ ಬರುವ ಆಳಲ್ಲ. ಕತ್ತಲಾದ ಮೇಲೆ ಮೆದುಳಿನ ಪೀನಿಯಲ್ ಗ್ರಂಥಿಯು ಮೆಲಟೋನಿನ್ ಎಂಬ ರಸವನ್ನು ಸ್ರವಿಸಿ ದೇಹಕ್ಕೆ ರಾತ್ರಿಯಾಯಿತೆಂದು ತಿಳಿಸುತ್ತದೆ. ಹರೆಯದಲ್ಲಿ ಈ ಸ್ರಾವವು ಬಾಲ್ಯದಲ್ಲಿದ್ದುದಕ್ಕಿಂತ ಒಂದೆರಡು ಗಂಟೆ ತಡವಾಗಿ ಮೊದಲಾಗುತ್ತದೆ. ಒಂಬತ್ತಕ್ಕೇ ಮಲಗುತ್ತಿದ್ದ ಮಗುವಿಗೆ ಈಗ ಹನ್ನೊಂದಾದರೂ ರೆಪ್ಪೆ ಅಂಟದಿರುವುದು ಹಠವಲ್ಲ, ದೇಹಧರ್ಮ. ಅದರ ಮೇಲೆ ಮೊಬೈಲಿನ ಬೆಳಕೂ ಕಣ್ಣಿಗೆ ಬಿದ್ದರೆ ನಿದ್ದೆ ಇನ್ನಷ್ಟು ದೂರ ಸರಿಯುತ್ತದೆ. ಈ ಒಂದು ವಿಷಯದಲ್ಲಿ ಮಾತ್ರ ಮಕ್ಕಳ ಪರವಾಗಿ ವಾದಿಸಲು ವಕೀಲರು ಸಿಗಲಾರರು.

ಕರಾವಳಿಗೆ ಜಾಗರಣೆ ಹೊಸದೇನಲ್ಲ. ಬಯಲಾಟಕ್ಕೆ ಹೋದ ಮಕ್ಕಳು ಚಾಪೆಯ ಮೇಲೆ ನಿದ್ರಿಸಿ, ಮಹಿಷಾಸುರನ ಅಬ್ಬರಕ್ಕೆ ಬೆಚ್ಚಿ ಏಳುತ್ತಿದ್ದರು. ಅದು ವರ್ಷದಲ್ಲಿ ಕೆಲವೇ ರಾತ್ರಿಗಳ ಮಾತು. ಬೆಳಗಾದರೆ ಆಟಕ್ಕೆ ಮಂಗಳವಿತ್ತು. ಇಂದಿನ ಜಾಗರಣೆಗೆ ಚೆಂಡೆಯೂ ಇಲ್ಲ, ಮಂಗಳವೂ ಇಲ್ಲ.

ಇದರ ಫಲವನ್ನು ದೇಹ ಉಣ್ಣುತ್ತದೆ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ಗಾಢನಿದ್ದೆಯಲ್ಲಿ. ಹಗಲು ಕಲಿತ ಪಾಠ ನೆನಪಿನಲ್ಲಿ ನೆಲೆಗೊಳ್ಳುವುದೂ ನಿದ್ದೆಯಲ್ಲಿಯೇ; ಪರೀಕ್ಷೆಯ ಹಿಂದಿನ ರಾತ್ರಿಯೆಲ್ಲ ಎಚ್ಚರವಿದ್ದು ಓದುವವನು ತೂತು ಕೊಡದಲ್ಲಿ ನೀರು ಹೊರುತ್ತಾನೆ. ನಿದ್ದೆಗೆಟ್ಟವನಿಗೆ ಸಿಡುಕು, ಮಂಕು, ಹೊತ್ತಲ್ಲದ ಹೊತ್ತಿನ ಹಸಿವು. ಭಾನುವಾರ ಮಧ್ಯಾಹ್ನದವರೆಗೆ ಮಲಗಿದರೆ ಸಾಲ ತೀರುವುದೂ ಇಲ್ಲ. ಸೋಮವಾರ ಏಳುವುದು ಮತ್ತಷ್ಟು ಕಷ್ಟವಾಗುತ್ತದೆ.

ಪ್ರೌಢಶಾಲೆಗಳು ಬೆಳಗ್ಗೆ 8:30ಕ್ಕೆ ಮುಂಚೆ ಆರಂಭವಾಗಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘವು 2014ರಲ್ಲಿ ಸಲಹೆ ನೀಡಿತು. ಕ್ಯಾಲಿಫೋರ್ನಿಯಾ ರಾಜ್ಯವು 2022ರಿಂದ ಅದನ್ನು ಕಾನೂನಾಗಿ ಜಾರಿಗೊಳಿಸಿತು. ಇಲ್ಲಿ ಶಾಲೆಯ ಗಂಟೆ ತಡವಾಗಿ ಬಾರಿಸಿದರೂ ಪ್ರಯೋಜನವಾಗದು, ಏಕೆಂದರೆ ಅದಕ್ಕೂ ಮೊದಲು ಟ್ಯೂಷನಿನ ಗಂಟೆ ಬಾರಿಸಿರುತ್ತದೆ. ಮಗನನ್ನು ಐದಕ್ಕೆ ಎಬ್ಬಿಸುವ ತಂದೆ, ಅವನು ಮಲಗಿದ್ದು ಎಷ್ಟು ಗಂಟೆಗೆಂದು ಕೇಳುವುದು ಅಪರೂಪ. ಮುಂಜಾನೆಯ ಆ ಪಾಠವನ್ನು ಸಂಜೆಗೆ ಸರಿಸಿದರೆ ಆಗುವ ನಷ್ಟವೇನೆಂದು ಯಾವ ಮನೆಯಲ್ಲೂ ಲೆಕ್ಕ ಹಾಕಿ ನೋಡಿದಂತಿಲ್ಲ.