ದೊಡ್ಡ ಊರಿಗೇ ಪಟ್ಟ ಸಲ್ಲಬೇಕೆಂಬ ವಾದಕ್ಕೆ ಉತ್ತರ

ಶ್ರೀರಂಗಪಟ್ಟಣಕ್ಕೆ ಅನ್ಯಾಯವಾಯಿತು ಎಂಬ ಮಾತು ನಮ್ಮ ಸೀಮೆಯಲ್ಲಿ ಹಳೆಯದು. ರಾಜ ಒಡೆಯರು ಗೆದ್ದ 1610ರಿಂದ 1799ರವರೆಗೆ ರಾಜಧಾನಿಯಾಗಿದ್ದ ಊರು ಈಗ ತಾಲ್ಲೂಕು ಕೇಂದ್ರ. 1939ರಲ್ಲಿ ಜಿಲ್ಲೆಯೂ ಮಂಡ್ಯದ ಪಾಲಾಯಿತು. ಈ ಊರಿನ ಮೇಲೆ ನನಗೂ ಅಭಿಮಾನವಿದೆ. ಆದರೂ ಹೀಗೆ ಹೇಳುವವರ ವಾದಗಳನ್ನು ಒಪ್ಪಲಾರೆ.

ಪಟ್ಟ ಕಿತ್ತುಕೊಂಡದ್ದರಿಂದಲೇ ಊರು ಹಾಳಾಯಿತು ಎನ್ನುತ್ತಾರೆ. ಕರಿಘಟ್ಟದ ಮೇಲೆ ನಿಂತು ಪಡುವಣಕ್ಕೆ ನೋಡಿದರೆ ಬೇರೆಯೇ ಕಾರಣ ಕಾಣುತ್ತದೆ. ಕಾವೇರಿಯ ಎರಡು ಕವಲುಗಳ ನಡುವೆ ಊರಿದೆ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನ ಬ್ರಿಟಿಷ್ ಸೈನ್ಯ ಈ ಬೆಟ್ಟದ ಆಸುಪಾಸಿನಲ್ಲೇ ಟಿಪ್ಪುವಿನ ಪಡೆಯೊಂದಿಗೆ ಕಾದಿಯೂ ತುಂಬಿದ ಹೊಳೆ ದಾಟಲಾಗದೆ, ದವಸವಿಲ್ಲದೆ ಹಿಂದಿರುಗಿತು. ಅರಸರು ಇಲ್ಲಿ ನೆಲೆನಿಂತದ್ದು ಈ ನೀರಿನ ಕಾವಲಿಗಾಗಿ. ಊರು ಹಬ್ಬುವುದಕ್ಕೆ ಅಡ್ಡವಾದದ್ದೂ ಇದೇ ನೀರು. ಟಿಪ್ಪುವಿನ ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷ ಜನರಿದ್ದರೆಂದು 1800ರಲ್ಲಿ ಸಮೀಕ್ಷೆಗೆ ಬಂದ ಬ್ರಿಟಿಷ್ ಅಧಿಕಾರಿ ಬುಕನನ್ ಕೇಳಿ ಬರೆದ. ಅವನ ಲೆಕ್ಕಕ್ಕೆ ಸಿಕ್ಕವರು ಸುಮಾರು 32 ಸಾವಿರ. ದಂಡು, ದರ್ಬಾರು, ಆಯುಧ ಕಾರ್ಖಾನೆಗಳನ್ನು ನಂಬಿ ಬದುಕುತ್ತಿದ್ದವರು ಅವು ಹೋದೊಡನೆ ಹೋದರು. ಪಟ್ಟ ತಪ್ಪಿಸಿದವರು ಒಡೆಯರೂ ಅಲ್ಲ. 1799ರ ಒಪ್ಪಂದದಲ್ಲಿ ದ್ವೀಪವನ್ನು ಈಸ್ಟ್ ಇಂಡಿಯಾ ಕಂಪನಿಯೇ ಇಟ್ಟುಕೊಂಡಿತು. ಇಟ್ಟುಕೊಂಡ ಕಂಪನಿಗೂ ಇಲ್ಲಿ ದಂಡು ಇರಿಸಲಾಗಲಿಲ್ಲ. ಜ್ವರಕ್ಕೆ ಹೆದರಿ ಬೆಂಗಳೂರಿಗೆ ಸಾಗಿಸಿತು. ಕೊನೆಗೆ 1881ರಲ್ಲಿ ದ್ವೀಪ ಮೈಸೂರಿಗೆ ಮರಳಿದ್ದು ಬೆಂಗಳೂರಿನ ದಂಡು ಪ್ರದೇಶಕ್ಕೆ ಬದಲಾಗಿ. ಈ ವಿನಿಮಯವನ್ನು ಅನ್ಯಾಯದ ಮಾತಾಡುವವರು ಯಾರೂ ನೆನೆಯುವುದಿಲ್ಲ.

ಪಟ್ಟ ಸಿಕ್ಕ ಊರು ತಾನಾಗಿ ದೊಡ್ಡದಾಗುತ್ತದೆ ಎಂಬುದು ಇನ್ನೊಂದು ವಾದ. ಹಾಗಿದ್ದರೆ ಮೈಸೂರು ಬೆಂಗಳೂರನ್ನು ಮೀರಬೇಕಿತ್ತು. ಸಿಂಹಾಸನ, ಅರಮನೆ, ದಸರಾ ಎಲ್ಲವೂ ಮೈಸೂರಿನಲ್ಲಿದ್ದವು. 1901ರ ಜನಗಣತಿಯಲ್ಲಿ ಅಲ್ಲಿದ್ದವರು 68,111. ಬೆಂಗಳೂರಿನಲ್ಲಿ ಪೇಟೆ ಮತ್ತು ದಂಡು ಸೇರಿ 1,59,046. 1831ರ ನಂತರ ಬ್ರಿಟಿಷ್ ಕಮಿಷನರರ ಕಚೇರಿ ಬೆಂಗಳೂರಿನಲ್ಲಿತ್ತಲ್ಲ ಎಂದು ಕೇಳುವವರಿದ್ದಾರೆ, ನ್ಯಾಯವಾದ ಪ್ರಶ್ನೆಯೇ. ಆದರೆ ಆ ಕಚೇರಿಗಿಂತ ಮೊದಲೇ, 1809ರಲ್ಲಿ, ದಂಡು ಬಂದಿತ್ತು. ಅದಕ್ಕೂ ಮೊದಲು ಕೆಂಪೇಗೌಡರ ಪೇಟೆಯಲ್ಲಿ ನೇಕಾರಿಕೆ, ವ್ಯಾಪಾರಗಳಿದ್ದವು. ರೈಲು 1864ರಲ್ಲೇ ಬೆಂಗಳೂರು ಮುಟ್ಟಿತು. ಮೈಸೂರಿಗೆ ಬರಲು ಮತ್ತೆ ಹದಿನೆಂಟು ವರ್ಷ ಬೇಕಾಯಿತು. ಅರಸನಿರುವ ಊರು ಯಾವುದೆಂದು ಕೋಟೆ, ಕಟ್ಟಳೆ, ಒಪ್ಪಂದಗಳು ನಿರ್ಧರಿಸುತ್ತವೆ. ಜನ ತುಂಬುವ ಊರು ಯಾವುದೆಂದು ದಾರಿ, ದುಡಿಮೆ, ಮಾರುಕಟ್ಟೆಗಳು ನಿರ್ಧರಿಸುತ್ತವೆ. ಗಾಂಧಿನಗರ ರಾಜಧಾನಿಯಾಗಿ ದಶಕಗಳಾದರೂ ಅಹಮದಾಬಾದ್ ದೊಡ್ಡದು; ಭೋಪಾಲಕ್ಕಿಂತ ಇಂದೋರ್ ದೊಡ್ಡದು.

ದೊಡ್ಡ ಊರನ್ನು ಬಿಟ್ಟು ಸಣ್ಣದಕ್ಕೆ ಜಿಲ್ಲಾ ಕಚೇರಿ ಕೊಡುವುದು ಬರೀ ರಾಜಕೀಯ ಎಂಬ ವಾದ ಎಲ್ಲಕ್ಕಿಂತ ಜನಪ್ರಿಯ. 2011ರ ಗಣತಿಯ ಪ್ರಕಾರ ಹಾವೇರಿಗಿಂತ ರಾಣೆಬೆನ್ನೂರು, ಕೊಪ್ಪಳಕ್ಕಿಂತ ಗಂಗಾವತಿ, ಚಿಕ್ಕಬಳ್ಳಾಪುರಕ್ಕಿಂತ ಚಿಂತಾಮಣಿ ದೊಡ್ಡವು. ರಾಜಕೀಯ ಇರಲಿಲ್ಲವೆಂದು ನಾನೂ ಹೇಳುವುದಿಲ್ಲ. ಆದರೆ ಹಾನಗಲ್ಲಿನಿಂದಲೋ ಶಿಗ್ಗಾಂವಿಯಿಂದಲೋ ಪಹಣಿ ಹಿಡಿದು ಬರುವ ರೈತನಿಗೆ ಹಾವೇರಿ ಹತ್ತಿರ, ರಾಣೆಬೆನ್ನೂರು ದೂರ. ಕಚೇರಿಗೆ ಬೇಕಾದದ್ದು ನಡುವಿನ ಜಾಗ. ಮದ್ದೂರು, ಮಳವಳ್ಳಿಯವರಿಗೆ ಮಂಡ್ಯ ಹತ್ತಿರವಿದ್ದದ್ದೂ ಹಾಗೆಯೇ. ನಾಲೆಯ ನೀರು, ಸಕ್ಕರೆ ಕಾರ್ಖಾನೆ ಸೇರಿ ಆ ಊರು ಬೆಳೆಯಿತು.

ಕೆ.ಆರ್. ಪೇಟೆಯವರಿಗೆ ಮಂಡ್ಯ ದೂರವಾಯಿತು ಎಂಬ ದೂರನ್ನು ಮಾತ್ರ ನಾನು ತಳ್ಳಿಹಾಕಲಾರೆ. ಅದು ದೂರದ ಪ್ರಶ್ನೆ, ಗಾತ್ರದ ಪ್ರಶ್ನೆಯಲ್ಲ. ಅದಕ್ಕೆ ಸರ್ಕಾರ ಕಂಡುಕೊಂಡ ಪರಿಹಾರ ಉಪವಿಭಾಗಾಧಿಕಾರಿಯ ಕಚೇರಿ. ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲಗಳಿಗೂ ಸೇರಿದ ಆ ಕಚೇರಿ ಇರುವುದು ಪಾಂಡವಪುರದಲ್ಲಿ, ಶ್ರೀರಂಗಪಟ್ಟಣಕ್ಕಿಂತಲೂ ಕೆ.ಆರ್. ಪೇಟೆಗಿಂತಲೂ ಸಣ್ಣ ಊರಿನಲ್ಲಿ.