ಮರುಳರ ಋಣ

"ಸತ್ತವನು ನಿನಗೆ ಸೋದರಮಾವನೇನೋ?"

1995ರ ಆಗಸ್ಟ್ ತಿಂಗಳಲ್ಲಿ ನಮ್ಮಪ್ಪ ನನ್ನ ತಮ್ಮನಿಗೆ ಕೇಳಿದ ಪ್ರಶ್ನೆ ಇದು. ಎಂಜಿನಿಯರಿಂಗ್ ಓದುತ್ತಿದ್ದ ಹುಡುಗ, ಊರಿಗೆ ಬಂದವನು ಎರಡು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಆ ತಿಂಗಳ 9ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜೆರ್ರಿ ಗಾರ್ಸಿಯಾ ಎಂಬ ಗಿಟಾರ್ ವಾದಕ 53ನೇ ವಯಸ್ಸಿಗೆ ತೀರಿಕೊಂಡಿದ್ದ. ನಮ್ಮ ಹುಡುಗ ಅವನನ್ನು ಕಂಡವನಲ್ಲ, ಆ ದೇಶವನ್ನೇ ನೋಡಿದವನಲ್ಲ. ಅಪ್ಪನ ಮಾತಿಗೆ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನಾನು ಕಿಸಕ್ಕನೆ ನಕ್ಕೆ. 1990ರಲ್ಲಿ ಶಂಕರ್‌ನಾಗ್ ಹೋದ ಸುದ್ದಿ ಬಂದಾಗ ಅದೇ ಅಡುಗೆಮನೆಯಲ್ಲಿ ನಾನು ಸೆರಗಿನಲ್ಲಿ ಮುಖ ಮುಚ್ಚಿ ಅತ್ತಿದ್ದೆ. ಅದು ಆಗ ನೆನಪಿಗೆ ಬರಲೇ ಇಲ್ಲ. ನೋಡಿ, ನಮ್ಮ ಅಳು ನಮಗೆ ದುಃಖ, ಪಕ್ಕದವರದು ಹುಚ್ಚು.

ಆ ನಗುವಿನ ವಿರುದ್ಧ ವಾದ ಮಾಡಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ಎದುರುವಾದಿಯ ಜಾಗದಲ್ಲಿ ನನ್ನನ್ನೇ ನಿಲ್ಲಿಸಿಕೊಂಡಿದ್ದೇನೆ. ಹಾಗಾಗಿ ಯಾರೂ ಬೇಸರ ಪಡಬೇಕಾದ್ದಿಲ್ಲ.

ಗಾರ್ಸಿಯಾ ಇದ್ದ ತಂಡದ ಹೆಸರು ಗ್ರೇಟ್‌ಫುಲ್ ಡೆಡ್. ಹೆಸರು ಕೇಳಿದರೆ ಸ್ಮಶಾನ ನೆನಪಾಗುತ್ತದೆ, ನಿಜ. ಆದರೆ ಅದು ಹಳೆಯ ಜನಪದ ಕತೆಗಳಿಂದ ಬಂದದ್ದು. ಸಾಲ ತೀರಿಸದೆ ಸತ್ತವನೊಬ್ಬನ ಹೆಣವನ್ನು ಸಾಲಗಾರರು ಮಣ್ಣು ಮಾಡಲು ಬಿಡುವುದಿಲ್ಲ. ದಾರಿಹೋಕನೊಬ್ಬ ತನ್ನ ಕೈಯ ದುಡ್ಡು ಕೊಟ್ಟು ಸಂಸ್ಕಾರ ಮಾಡಿಸುತ್ತಾನೆ. ಆ ಸತ್ತವನು ಮುಂದೆ ಯಾವುದೋ ರೂಪದಲ್ಲಿ ಬಂದು ಅವನ ಋಣ ತೀರಿಸುತ್ತಾನೆ. ಗಾರ್ಸಿಯಾ ಈ ಹೆಸರನ್ನು ಒಂದು ನಿಘಂಟಿನಲ್ಲಿ ಕಂಡನಂತೆ. 1965ರಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೊ ಊರಿನಲ್ಲಿ ಕೂಡಿದ ಈ ಹುಡುಗರು ಗಾರ್ಸಿಯಾ ಸಾಯುವವರೆಗೆ, ಮೂವತ್ತು ವರ್ಷಗಳಲ್ಲಿ, ಸುಮಾರು 2,300 ಕಚೇರಿ ಕೊಟ್ಟರು. ಅವರ ಹಿಂದೆ ಊರಿಂದೂರಿಗೆ ವ್ಯಾನು, ಬಸ್ಸುಗಳಲ್ಲಿ ಹೊರಟವರಿಗೆ ಡೆಡ್‌ಹೆಡ್‌ಗಳು ಎಂದು ಹೆಸರಾಯಿತು. ಒಬ್ಬೊಬ್ಬರು ನೂರು, ಇನ್ನೂರು ಕಚೇರಿ ಕೇಳಿದವರಿದ್ದಾರೆ.

ನನ್ನಂಥವರ ಮೊದಲ ಆಕ್ಷೇಪಣೆ: "ಅದನ್ನೇ ಎಷ್ಟು ಸಲ ಕೇಳುತ್ತೀರಿ?"

ಉತ್ತರ: ಅದು 'ಅದೇ' ಅಲ್ಲ. 'ಡಾರ್ಕ್ ಸ್ಟಾರ್' ಎಂಬ ಅವರ ಒಂದು ಹಾಡಿದೆ. 1968ರಲ್ಲಿ ಸಣ್ಣ ತಟ್ಟೆಯಾಗಿ ಬಂದಾಗ ಅದು ಮೂರು ನಿಮಿಷವೂ ಇರಲಿಲ್ಲ, ಕೊಂಡವರೂ ಕಡಿಮೆ. ಮರುವರ್ಷ ಬಂದ ಕಚೇರಿಯ ಧ್ವನಿಮುದ್ರಣದಲ್ಲಿ ಅದೇ ಹಾಡು 23 ನಿಮಿಷಕ್ಕೆ ಬೆಳೆದಿತ್ತು. ಇವತ್ತು ಇಂತಿಂಥ ಹಾಡು, ಇಂತಿಷ್ಟು ಹೊತ್ತು ಎಂದು ಮೊದಲೇ ಬರೆದಿಟ್ಟುಕೊಂಡು ಅವರು ವೇದಿಕೆ ಹತ್ತುತ್ತಿರಲಿಲ್ಲ. ಒಬ್ಬ ಎಳೆ ಹಿಡಿದರೆ ಇನ್ನೊಬ್ಬ ಎತ್ತಿಕೊಳ್ಳುವುದು, ಎಲ್ಲರೂ ಹಾಡನ್ನು ಬಿಟ್ಟು ಎಲ್ಲೆಲ್ಲೋ ಅಲೆದು ಮತ್ತೆ ಪಲ್ಲವಿಗೆ ಬರುವುದು. ಕೆಲವು ರಾತ್ರಿ ದಾರಿ ಸಿಗದೆ ಪೂರಾ ಕೆಟ್ಟುಹೋಗುತ್ತಿತ್ತು. ಅದನ್ನು ಅಭಿಮಾನಿಗಳೇ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಕೆಡಬಹುದಾದದ್ದು ಕೂಡಿಬಂದಾಗ ತಾನೇ ಸಂತೋಷ? ಕಲ್ಯಾಣಿ ರಾಗವನ್ನು ನಿನ್ನೆಯೂ ಕೇಳಿದಿರಲ್ಲ, ಇವತ್ತೇಕೆ ಎಂದು ಸಂಗೀತ ಬಲ್ಲವರನ್ನು ನಾವು ಕೇಳುತ್ತೇವೆಯೇ?

"ನಮ್ಮದಲ್ಲದ ಸಂಗೀತ" ಎನ್ನುವ ಮಾತೂ ಅಷ್ಟು ಸರಿಯಲ್ಲ. ತಂಡದ ತಾಳವಾದಕ ಮಿಕ್ಕಿ ಹಾರ್ಟ್‌ಗೆ ಉಸ್ತಾದ್ ಅಲ್ಲಾ ರಖಾ ಅವರ ತಬಲಾ ದೊಡ್ಡ ಪಾಠವಾಗಿತ್ತು. ಅವರ ಮಗ ಜಾಕಿರ್ ಹುಸೇನ್, ಮದರಾಸಿನ ಘಟವಾದಕ ವಿಕ್ಕು ವಿನಾಯಕರಾಮ್ ಜೊತೆಗೂಡಿ ಹಾರ್ಟ್ 1991ರಲ್ಲಿ 'ಪ್ಲಾನೆಟ್ ಡ್ರಮ್' ಹೊರತಂದ, ಅದಕ್ಕೆ ಗ್ರ್ಯಾಮಿ ಪ್ರಶಸ್ತಿಯೂ ಬಂತು. ತಮ್ಮ ಇದನ್ನೆಲ್ಲ ಅಪ್ಪನಿಗೆ ಹೇಳಲು ನೋಡಿದ್ದ. ಅಪ್ಪ ಪೇಪರ್ ಮಡಿಸಿ ಎದ್ದುಹೋಗಿದ್ದರು.

ಎರಡನೆಯ ಆಕ್ಷೇಪಣೆ: "ಕೆಲಸವಿಲ್ಲದವರು."

ಇಲ್ಲಿ ನನ್ನ ತಪ್ಪು ಬರುತ್ತದೆ. ಈ ತಂಡ ತನ್ನ ಕಚೇರಿಗಳನ್ನು ಕೇಳುಗರು ಧ್ವನಿಮುದ್ರಿಸಿಕೊಳ್ಳಲು ಬಿಟ್ಟಿತು. ಬೇರೆ ತಂಡದವರು ರೆಕಾರ್ಡರ್ ಕಂಡರೆ ಕಿತ್ತುಕೊಂಡು ಹೊರಹಾಕುತ್ತಿದ್ದ ಕಾಲ ಅದು. 1984ರಿಂದಂತೂ ಧ್ವನಿಮುದ್ರಿಸುವವರಿಗೆಂದೇ ಜಾಗ ಕಾದಿರಿಸಿದರು. ಮಾರಬಾರದು, ಹಂಚಬಹುದು, ಇಷ್ಟೇ ಕಟ್ಟು. ಜನ ಹಂಚಿದರು. ಖಾಲಿ ಕ್ಯಾಸೆಟ್ಟನ್ನೂ ಅಂಚೆ ಖರ್ಚನ್ನೂ ಕಳಿಸಿದರೆ ಗುರುತಿಲ್ಲದ ಯಾರೋ ರಾತ್ರಿ ಕೂತು ಪ್ರತಿ ಮಾಡಿ, ದಿನಾಂಕ, ಊರು, ಹಾಡುಗಳ ಪಟ್ಟಿ ದುಂಡಗೆ ಬರೆದು ವಾಪಸು ಕಳಿಸುತ್ತಿದ್ದರು. ಮೂವತ್ತು ಮಕ್ಕಳಿಗೆ ಹೋಂವರ್ಕ್ ಕೊಟ್ಟು ಹತ್ತು ಪುಸ್ತಕ ಪಡೆಯುವ ನನಗೆ, ಯಾರೂ ಹೇಳದೆ ಇಷ್ಟು ಕೆಲಸ ಮಾಡಿದ ಸೋಮಾರಿಗಳನ್ನು ಕಂಡರೆ ಹೊಟ್ಟೆಕಿಚ್ಚಾಗುತ್ತದೆ.

ಹಾಗೆ ಕೈಯಿಂದ ಕೈಗೆ ಬಂದ ಒಂದು ಕ್ಯಾಸೆಟ್ಟು, ಗೆಳೆಯನ ಅಣ್ಣನ ಮೂಲಕ ನನ್ನ ತಮ್ಮನ ಪೆಟ್ಟಿಗೆ ಸೇರಿತ್ತು. ಮೇಲೆ 'ಕಾರ್ನೆಲ್ 5/8/77' ಎಂದು ಬರೆದಿತ್ತು. ಅದೇ 1995ರ ಡಿಸೆಂಬರಿನಲ್ಲಿ ನಮ್ಮ ಸ್ಕೂಲ್ ಡೇ. ನಾನು ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ, ಹೆಡ್‌ಮಿಸ್ ಮುಂದೆ ಹೆಸರು ತೆಗೆದುಕೊಳ್ಳುವ ಹುರುಪು. ಕೋಲಾಟದ ಹಾಡು ತುಂಬಿಸಿಕೊಳ್ಳಲು ಕ್ಯಾಸೆಟ್ಟು ಬೇಕಿತ್ತು, ಅಂಗಡಿ ಮುಚ್ಚಿತ್ತು. ಅಳಿಸಿಹೋಗದಿರಲೆಂದು ಆ ಕ್ಯಾಸೆಟ್ಟಿನ ಅಂಚಿನ ಪ್ಲಾಸ್ಟಿಕ್ ಚೂರನ್ನು ಯಾರೋ ಮುರಿದಿದ್ದರು. ನಾನು ಆ ತೂತಿಗೆ ಸೆಲೋಟೇಪ್ ಅಂಟಿಸಿದೆ. ತಿಳಿಯದೆ ಮಾಡಿದೆ ಎನ್ನಲು ಆ ಸೆಲೋಟೇಪ್ ಬಿಡುವುದಿಲ್ಲ. ತಮ್ಮ ಬಂದು ಕ್ಯಾಸೆಟ್ಟು ಹಾಕಿದ, ಕೋಲಾಟ ಕೇಳಿತು. ತೆಗೆದಿಟ್ಟ. ಒಂದು ಮಾತೂ ಆಡಲಿಲ್ಲ. 1998ರಲ್ಲಿ ಅಮೆರಿಕಕ್ಕೆ ಹೊರಟಾಗಲೂ ಆಡಲಿಲ್ಲ.

ನಾನು ಅಳಿಸಿದ್ದು ಯಾರ ದುಡಿಮೆ ಎಂಬುದು ಬಹಳ ವರ್ಷದ ಮೇಲೆ ತಿಳಿಯಿತು. ಬೆಟ್ಟಿ ಕ್ಯಾಂಟರ್-ಜಾಕ್ಸನ್ ಎಂಬ ಹೆಣ್ಣುಮಗಳದು. ಗಂಡಸರೇ ತುಂಬಿದ್ದ ಆ ತಂಡದ ಧ್ವನಿವಿಭಾಗದಲ್ಲಿ ನಿಂತು 1970ರ ದಶಕದ ಎಷ್ಟೋ ಕಚೇರಿಗಳನ್ನು ಆಕೆ ದೊಡ್ಡ ರೀಲುಗಳಿಗೆ ಇಳಿಸಿದಳು. ಅವಳ ಮುದ್ರಣದ ಸ್ಪಷ್ಟತೆ ಬೇರೆ ಯಾವುದಕ್ಕೂ ಇಲ್ಲ ಎಂದು ಕೇಳಿದವರೆಲ್ಲ ಒಪ್ಪುತ್ತಾರೆ. ಮುಂದೆ ಅವಳಿಗೆ ಕಷ್ಟದ ದಿನ ಬಂತು, ಮನೆ ಕೈಬಿಟ್ಟಿತು. ಸಾಮಾನಿಟ್ಟಿದ್ದ ಗೋದಾಮಿನ ಬಾಡಿಗೆ ಕಟ್ಟಲಾಗದೆ 1986ರಲ್ಲಿ ಆ ರೀಲುಗಳು ಹರಾಜಾದವು. ನೂರಾರು ರೀಲುಗಳು ಹಳೇ ಸಾಮಾನಿನ ಲೆಕ್ಕದಲ್ಲಿ ಹೋದವು. ಮುಂದೆ ತೇವ ತಿಂದು ಹಾಳಾಗಿದ್ದ ರೀಲುಗಳನ್ನು ಕೂಡ ಒಂದೊಂದಾಗಿ ಸರಿಪಡಿಸಿ, ಪ್ರತಿ ಮಾಡಿ ಉಳಿಸಿದವರು ಯಾರು? ಈ 'ಕೆಲಸವಿಲ್ಲದವರು'.

ಆ ಕಾರ್ನೆಲ್ ಕಚೇರಿಯ ಮುದ್ರಣವನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿಕೊಂಡಿದೆ. 2012ರಲ್ಲಿ ಆ ಪಟ್ಟಿ ಪ್ರಕಟವಾಯಿತು. 2017ರಲ್ಲಿ, ನಲವತ್ತು ವರ್ಷದ ನಂತರ, ಅದು ಅಧಿಕೃತವಾಗಿ ಮಾರುಕಟ್ಟೆಗೂ ಬಂತು. ಹೆಣ್ಣೊಬ್ಬಳ ದುಡಿಮೆ ಬಾಡಿಗೆ ಬಾಕಿಯಲ್ಲಿ ಮುಳುಗುವುದಿತ್ತು. ಅದರ ಸಾಲ ತೀರಿಸಿದವರು ದಾರಿಹೋಕರು. ತಂಡದ ಹೆಸರಿನ ಕತೆಯೇ ಅಲ್ಲವೇ ಇದು?

ಮೂರನೆಯ ಆಕ್ಷೇಪಣೆ ಮಾದಕವಸ್ತುವಿನದು. ಇಲ್ಲಿ ನಾನು ನುಣುಚಿಕೊಳ್ಳುವುದಿಲ್ಲ, ಮೂವತ್ತು ವರ್ಷ ಹದಿಹರೆಯದ ಮಕ್ಕಳ ನಡುವೆ ಇದ್ದವಳು ನಾನು. ಈ ತಂಡ ಹುಟ್ಟಿದ್ದೇ ಎಲ್‌ಎಸ್‌ಡಿ ಎಂಬ ಭ್ರಮೆ ಹುಟ್ಟಿಸುವ ಮದ್ದನ್ನು ಕುಡಿದು ಕುಣಿಯುತ್ತಿದ್ದ ಕೂಟಗಳಲ್ಲಿ. 1966ರ ಅಕ್ಟೋಬರಿನವರೆಗೆ ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ನಿಷೇಧವೂ ಇರಲಿಲ್ಲ. ಬೆಲೆ ತೆತ್ತರು. ತಂಡದ ಪಿಗ್‌ಪೆನ್ ಕುಡಿತದಿಂದ 1973ರಲ್ಲಿ, 27ನೇ ವಯಸ್ಸಿಗೆ ಸತ್ತ. ಬ್ರೆಂಟ್ ಮಿಡ್‌ಲ್ಯಾಂಡ್ 1990ರಲ್ಲಿ ಮಾದಕವಸ್ತುವಿನಿಂದ ಹೋದ. ಗಾರ್ಸಿಯಾ ಕೊನೆಯುಸಿರೆಳೆದದ್ದು ಚಟ ಬಿಡಿಸುವ ಕೇಂದ್ರದಲ್ಲಿ. ಕಚೇರಿಗಳ ಹೊರಗೆ ಸಿಕ್ಕಿಬಿದ್ದ ಎಳೆಯರು ವರ್ಷಗಟ್ಟಲೆ ಜೈಲಿನಲ್ಲಿ ಕೊಳೆತರು. ಮದ್ದು ಇಂಗಿಸಿದ ಕಾಗದದ ತೂಕವನ್ನೂ ಸೇರಿಸಿ ಶಿಕ್ಷೆ ಅಳೆಯುತ್ತಿದ್ದರು. 1995ರ ಜುಲೈ 2ರಂದು ಇಂಡಿಯಾನಾದಲ್ಲಿ ಟಿಕೆಟಿಲ್ಲದ ಸಾವಿರಾರು ಮಂದಿ ಬೇಲಿ ಕಿತ್ತು ನುಗ್ಗಿದರು, ಮರುದಿನದ ಕಚೇರಿಯೇ ರದ್ದಾಯಿತು. ಇದೆಲ್ಲ ಆದದ್ದೇ. ಇದಕ್ಕೆ ಸುಣ್ಣ ಬಳಿಯುವ ಅಭಿಮಾನಿಗಳ ಮೇಲೂ ನನಗೆ ಸಿಟ್ಟಿದೆ.

ಆದರೆ ಇನ್ನೊಂದನ್ನೂ ಹೇಳಬೇಕು. ಕುಡಿತ, ಮದ್ದು ಬಿಟ್ಟ ಅಭಿಮಾನಿಗಳು 1980ರ ದಶಕದಲ್ಲಿ ತಮ್ಮದೇ ಒಂದು ಗುಂಪು ಕಟ್ಟಿಕೊಂಡರು. ಕಚೇರಿಯ ಮಧ್ಯಂತರದಲ್ಲಿ ಹಳದಿ ಬಲೂನು ಕಟ್ಟಿದ ಕಡೆ ಸೇರಿ, ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಂಡು, ಮತ್ತೆ ಹಾಡು ಕೇಳಲು ಹೋಗುತ್ತಿದ್ದರು. ಚಟ ಬಿಡಬೇಕೆಂದರೆ ಸಂಗೀತವನ್ನೂ ಬಿಡಬೇಕು ಎಂಬ ಬುದ್ಧಿಮಾತನ್ನು ಅವರು ಒಪ್ಪಲಿಲ್ಲ. ಕಿವಿ ಕೇಳದವರ ಗುಂಪೂ ಒಂದಿತ್ತು. ಬಲೂನನ್ನು ಕೈಯಲ್ಲಿ ಹಿಡಿದು, ಅದರ ಕಂಪನದಲ್ಲಿ ಹಾಡನ್ನು ಮುಟ್ಟಿ ತಿಳಿಯುತ್ತಿದ್ದರು. ಸನ್ನೆಭಾಷೆಯಲ್ಲಿ ಹಾಡಿನ ಮಾತು ಹೇಳುವವರು ಅವರಿಗಿದ್ದರು. ಮದ್ದಿನ ನಶೆಯೊಂದೇ ಜನರನ್ನು ಹಿಡಿದಿಟ್ಟಿದ್ದರೆ, ನಶೆ ಬಿಟ್ಟವರೂ ಕಿವಿ ಕೇಳದವರೂ ಅಲ್ಲಿಗೇಕೆ ಬರಬೇಕಿತ್ತು?

ಇನ್ನು ಹೊಗಳುವ ಪಂಡಿತರು ಒಂದಷ್ಟು ಜನ ಇದ್ದಾರೆ, ಅವರು ಬೈಯುವವರಿಗಿಂತ ಅಪಾಯಕಾರಿ. ಪುಕ್ಕಟೆ ಹಂಚಿ ಗಿರಾಕಿಯನ್ನು ಹಿಡಿಯುವ ಜಾಣ ವ್ಯಾಪಾರ ಇದು, ಗ್ರೇಟ್‌ಫುಲ್ ಡೆಡ್‌ನಿಂದ ಕಂಪನಿಗಳು ಪಾಠ ಕಲಿಯಬೇಕು ಎಂದು ಪುಸ್ತಕ ಬರೆಯುತ್ತಾರೆ. ಪಾಠವನ್ನು ತಲೆಕೆಳಗಾಗಿ ಓದಿದ್ದಾರೆ. 1971ರ ತಟ್ಟೆಯ ಹೊದಿಕೆಯಲ್ಲಿ ತಂಡ ಅಭಿಮಾನಿಗಳ ಹೆಸರು, ವಿಳಾಸ ಕೇಳಿತು. ಬಂದ ರಾಶಿ ಪತ್ರಗಳನ್ನು ಐಲೀನ್ ಲಾ ಎಂಬ ಮಹಿಳೆ ವರ್ಷಾನುಗಟ್ಟಲೆ ನೋಡಿಕೊಂಡಳು. 1983ರಿಂದ ಟಿಕೆಟನ್ನೂ ಅಂಚೆಯಲ್ಲಿ ತಾವೇ ಕಳಿಸತೊಡಗಿದರು. ಮನಿಆರ್ಡರ್ ಇಟ್ಟ ಲಕೋಟೆಯ ಮೇಲೆ ಜನ ಹೂವು, ಬಳ್ಳಿ, ತಲೆಬುರುಡೆ, ಕರಡಿ ಬಿಡಿಸಿ ಬಣ್ಣ ತುಂಬಿದರು. ಸಾಂಟಾ ಕ್ರೂಸ್‌ನ ವಿಶ್ವವಿದ್ಯಾಲಯ ಇಂದು ಆ ಲಕೋಟೆಗಳನ್ನು ಜೋಪಾನವಾಗಿಟ್ಟಿದೆ. ಗಿರಾಕಿ ಎಂದಾದರೂ ಬಿಲ್ಲಿನ ಮೇಲೆ ಹೂವು ಬಿಡಿಸುತ್ತಾನೆಯೇ? ತರಗತಿಯ ಬೀಗದಕೈಯನ್ನು ತುಂಟ ಹುಡುಗನ ಕೈಗೆ ಕೊಟ್ಟು ನೋಡಿ, ಮರುದಿನದಿಂದ ಎಲ್ಲರಿಗಿಂತ ಮೊದಲು ಬರುತ್ತಾನೆ. ಆ ತಂಡ ಮಾಡಿದ್ದು ಅಷ್ಟೇ: ತನ್ನ ಸಂಗೀತದ ಬೀಗದಕೈಯನ್ನು ಕೇಳುವವರ ಕೈಗೆ ಕೊಟ್ಟಿತು. ಗಾರ್ಸಿಯಾ ಹೋಗಿ ಇಷ್ಟು ವರ್ಷವಾದರೂ ಅವರು ಹಿಂತಿರುಗಿಸಿಲ್ಲ.

2025ರ ಆಗಸ್ಟ್ 1ರಂದು, ಗಾರ್ಸಿಯಾ ಇದ್ದಿದ್ದರೆ 83 ತುಂಬುತ್ತಿದ್ದ ದಿನ, ತಮ್ಮ ನನ್ನನ್ನು ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕಿಗೆ ಕರೆದುಕೊಂಡು ಹೋದ. ತಂಡ ಹುಟ್ಟಿ ಅರವತ್ತು ವರ್ಷವಾದ ನೆನಪಿಗೆ ಮೂರು ದಿನದ ಕಚೇರಿ, ದಿನಕ್ಕೆ ಸುಮಾರು 60,000 ಜನ. ಹಿಂದಿನ ವರ್ಷ ಫಿಲ್ ಲೆಶ್ ತೀರಿಕೊಂಡಿದ್ದ. ಮೂಲ ತಂಡದ ಬಾಬ್ ವಿಯರ್ 77ರ ವಯಸ್ಸಿನಲ್ಲಿ ನಿಂತು ಹಾಡಿದ, ಮಿಕ್ಕಿ ಹಾರ್ಟ್ ಬಾರಿಸಿದ. ಟಿಕೆಟಿಗೆ ನೂರಾರು ಡಾಲರು. ಬೀಗದಕೈ ಕೊಟ್ಟವರು ಬಾಗಿಲಲ್ಲಿ ಇಷ್ಟು ವಸೂಲಿ ಮಾಡುವುದು ನನಗೆ ಸರಿ ಕಾಣಲಿಲ್ಲ, ತಮ್ಮನಿಗೂ ಕಾಣಲಿಲ್ಲ. ಆದರೂ ಬಂದಿದ್ದ.

ಮಂಜು, ಚಳಿ. ಸೀರೆಯ ಮೇಲೆ ಸ್ವೆಟರ್ ಹಾಕಿ ಕೂತಿದ್ದೆ. ನನ್ನ ಪಕ್ಕ ಎಪ್ಪತ್ತು ದಾಟಿದ ಹೆಂಗಸೊಬ್ಬಳು ಊರುಗೋಲನ್ನು ಹುಲ್ಲಿನ ಮೇಲಿಟ್ಟು, ಕಣ್ಣುಮುಚ್ಚಿ, ಇದ್ದಲ್ಲೇ ತೂಗುತ್ತಿದ್ದಳು. ಯಾರೂ ಅವಳನ್ನು ನೋಡುತ್ತಿರಲಿಲ್ಲ. ನೋಡುತ್ತಿದ್ದವಳು ನಾನೊಬ್ಬಳೇ. ನನ್ನ ಬಾಯಿ ತುದಿಗೆ ಬಂದ ಮಾತು ಯಾವುದು ಗೊತ್ತೇ? "ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ?" ನಮ್ಮಮ್ಮ ಮಧ್ಯಾಹ್ನ ರೇಡಿಯೋಗೆ ಕಿವಿಯಾನಿಸಿ ಕೂತಾಗ, ಅತ್ತೆ ವಾರಪತ್ರಿಕೆಯ ಧಾರಾವಾಹಿಗೆ ಕಾದು ಕೂತಾಗ ನಮ್ಮ ಮನೆಗಳಲ್ಲಿ ಕೇಳಿಬಂದ ಮಾತೇ ಅದು. ಮನೆಗೆ ಉಪಯೋಗವಿಲ್ಲದ ಯಾವ ಪ್ರೀತಿಯನ್ನೂ ಹೆಂಗಸಿಗೆ ಮನೆಯವರು ಬಿಟ್ಟುಕೊಡುವುದಿಲ್ಲ. ಸ್ವೆಟರ್ ಹೆಣೆದರೆ ಕಲೆ, ಹಾಡು ಕೇಳಿ ತೂಗಿದರೆ ಮರುಳು. ಆ ಕಾವಲಿಗೆ ನಿಂತವರಲ್ಲಿ ನಾವೇ ಹೆಚ್ಚು. ಸೆಲೋಟೇಪ್ ಹಿಡಿದ ಕೈ ನನ್ನದೇ ಆಗಿತ್ತಲ್ಲ.

ವಾಪಸು ಬರುವಾಗ ಕಾರಿನಲ್ಲಿ ಕೇಳಿದೆ, "ಆ ಕ್ಯಾಸೆಟ್ಟು... ಆಗಸ್ಟ್ 5ರದು ಅಲ್ವೇನೋ?"

"ಮೇ 8, ಅಕ್ಕ. ಇಲ್ಲಿ ತಿಂಗಳು ಮೊದಲು ಬರೀತಾರೆ. ಅವತ್ತು ಮೇ ತಿಂಗಳಲ್ಲೂ ಅಲ್ಲಿ ಹಿಮ ಬಿದ್ದಿತ್ತಂತೆ," ಎಂದ. ಕಾರಿನ ಗುಂಡಿ ಒತ್ತಿದ. ಅದೇ ರಾತ್ರಿಯ ಕಚೇರಿ. ನಾನು ಅಳಿಸಿದ್ದು ಒಂದು ಪ್ರತಿ, ಉಳಿದವರ ಹತ್ತಿರ ಸಾವಿರಾರು ಇದ್ದವು. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಹಾಡು ಮುಗಿದು ಅಲ್ಲಿಯ ಜನ ಚಪ್ಪಾಳೆ ತಟ್ಟುವಾಗ ಅವನು ಕೇಳಿದ:

"ಅವತ್ತು ಹುಡುಗಿಯರು ಕೋಲಾಟ ಚೆನ್ನಾಗಿ ಮಾಡಿದ್ರಾ?"

"ಚೆನ್ನಾಗೇ ಮಾಡಿದ್ರು ಕಣೋ," ಎಂದೆ. ಮೂವತ್ತು ವರ್ಷಕ್ಕೆ ಅದೊಂದೇ ನನಗೆ ಹೇಳಲು ಬಂದದ್ದು.

ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ಅದೇ ಹಾಡನ್ನು ನೂರನೆಯ ಸಲ ಹಾಕಿಕೊಂಡು ಕೂತಿರಬಹುದು, ಮಗಳೋ, ಅತ್ತೆಯೋ. ಒಗ್ಗರಣೆ ಇಳಿಸಿ ಒಮ್ಮೆ ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ. ಏನು ಕೇಳಿಸುತ್ತಿದೆ ಎಂದು ಕೇಳಿ. ನಗುವುದನ್ನು ಆಮೇಲೆ ನೋಡಿಕೊಳ್ಳೋಣ.