ಬೀಳದ ಚೆಂಡಿನ ಮೇಲೂ ಬಂಕರ್‌ನ ಹಿಡಿತ

2021ರ ಆಗಸ್ಟ್ 7ರ ಶನಿವಾರ ಬೆಳಿಗ್ಗೆ ಗಾಲ್ಫ್‌ನ ಗಂಧಗಾಳಿ ಇಲ್ಲದವರೂ ಟಿ.ವಿ. ಮುಂದೆ ಕೂತಿದ್ದರು. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪದಕದ ಹೊಸ್ತಿಲಲ್ಲಿದ್ದರು. ನಾಲ್ಕು ಸುತ್ತು ಮುಗಿದಾಗ ಅವರ ಲೆಕ್ಕ, ನಿಗದಿತ ಹೊಡೆತಗಳ ಎಣಿಕೆಯಾದ ಪಾರ್‌ಗಿಂತ 15 ಹೊಡೆತ ಕಡಿಮೆ. ಒಂದೇ ಹೊಡೆತದಲ್ಲಿ ಪದಕ ತಪ್ಪಿ ನಾಲ್ಕನೇ ಸ್ಥಾನ ಬಂತು. ಕಣದಲ್ಲಿದ್ದ 60 ಮಂದಿಯಲ್ಲಿ ಚೆಂಡನ್ನು ದೂರ ಅಟ್ಟುವ ವಿಚಾರದಲ್ಲಿ ಅದಿತಿ ತೀರಾ ಹಿಂದಿನ ಸಾಲಿನವರು. ಅವರನ್ನು ಕಾಪಾಡಿದ್ದು ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸಾದ ಗ್ರೀನ್ ಮೇಲಿನ ನಯವಾದ ಪಟ್ಟಿಂಗ್ ಮತ್ತು ಚೆಂಡನ್ನು ಎಲ್ಲಿ ಇಳಿಸಬೇಕೆಂಬ ವಿವೇಕ. ಆ ವಿವೇಕಕ್ಕೆ ಬೆಲೆ ಬರುವುದು ಬಹುಮಟ್ಟಿಗೆ ಮರಳು ಗುಂಡಿಗಳಾದ ಬಂಕರ್‌ಗಳಿಂದ.

ಶೆಟ್ಟಿಹಳ್ಳಿಯಲ್ಲೋ ಚನ್ನರಾಯಪಟ್ಟಣದಲ್ಲೋ ಕೂತು ನೋಡುವವರಿಗೆ, ಅಷ್ಟು ಚೆಂದದ ಹುಲ್ಲಿನ ನಡುವೆ ಮರಳು ಗುಂಡಿ ಯಾಕೆ ತೋಡಿದ್ದಾರೆ ಎನ್ನಿಸುವುದು ಸಹಜ. ತಪ್ಪಾಗಿ ಹೊಡೆದವರಿಗೆ ಶಿಕ್ಷೆ ಎಂಬುದು ಸುಲಭದ ಉತ್ತರ. ಶಿಕ್ಷೆ ಇರುವುದು ನಿಜ. ಮರಳಿನಲ್ಲಿ ಹೊಡೆಯುವ ಮುನ್ನ ದಾಂಡನ್ನು ಚೆಂಡಿನ ಹಿಂದೆ ನೆಲಕ್ಕೆ ತಾಗಿಸುವಂತಿಲ್ಲ. ಗ್ರೀನ್ ಪಕ್ಕದ ಬಂಕರ್‌ನಿಂದ ಚೆಂಡು ಮೇಲೇಳಬೇಕಾದರೆ ಸಾಮಾನ್ಯವಾಗಿ ಅದರ ಹಿಂದಿನ ಮರಳಿಗೇ ಹೊಡೆಯಬೇಕು. ಚಿಮ್ಮುವ ಮರಳು ಚೆಂಡನ್ನು ಹೊತ್ತೊಯ್ಯುತ್ತದೆ. ಅಲ್ಲಿಂದ ಎರಡೇ ಹೊಡೆತದಲ್ಲಿ ಚೆಂಡನ್ನು ಕುಳಿಗೆ ಹಾಕುವುದು ವಿಶ್ವಮಟ್ಟದ ವೃತ್ತಿಪರರಿಗೂ ಸುಮಾರು ಅರ್ಧದಷ್ಟು ಸಲ ಮಾತ್ರ ಸಾಧ್ಯ. ಆದರೂ ಬಂಕರ್‌ನ ದೊಡ್ಡ ಕೆಲಸ ಚೆಂಡು ಅದರೊಳಗೆ ಬಿದ್ದ ಮೇಲೆ ಶುರುವಾಗುವುದಿಲ್ಲ, ಆಟಗಾರ ಮೊದಲ ಹೊಡೆತಕ್ಕೆ ಟೀ ಬಳಿ ನಿಂತಾಗಲೇ ಶುರುವಾಗುತ್ತದೆ. ಕ್ರಿಕೆಟ್‌ನಲ್ಲಿ ಬೌಂಡರಿ ಗೆರೆಯ ಬಳಿ ನಿಂತ ಫೀಲ್ಡರ್ ಒಂದು ಕ್ಯಾಚನ್ನೂ ಹಿಡಿಯದೆ ಬ್ಯಾಟರ್‌ನ ಹೊಡೆತವನ್ನು ಬದಲಿಸುತ್ತಾನಲ್ಲ, ಹಾಗೆ.

ಒಂದು ಹೋಲ್, ಅಂದರೆ ಟೀಯಿಂದ ಕುಳಿಯವರೆಗಿನ ದಾರಿ, ಊಹಿಸಿಕೊಳ್ಳಿ. ಉದ್ದ 380 ಗಜ, ನಾಲ್ಕು ಹೊಡೆತದ ಪಾರ್. ನಡುವಿನ ಹುಲ್ಲುಹಾದಿಯಾದ ಫೇರ್‌ವೇ ಬಲಕ್ಕೆ ತಿರುಗುತ್ತದೆ. ಆ ತಿರುವಿನ ಒಳಮೂಲೆಯಲ್ಲಿ, ಟೀಯಿಂದ 220 ಗಜದಲ್ಲಿ ಒಂದು ಬಂಕರ್. ಗ್ರೀನ್‌ನ ಎಡ ಮುಂಭಾಗದಲ್ಲಿ ಇನ್ನೊಂದು. ಚೆಂಡನ್ನು ಮೊದಲನೆಯದರ ಮೇಲಿಂದ ಹಾರಿಸಿದರೆ ಉಳಿಯುವ ದೂರ ಕಡಿಮೆ, ಬಾವುಟದ ಕಡೆಗೆ ದಾರಿಯೂ ತೆರೆದಿರುತ್ತದೆ. ಹೆದರಿ ಎಡಕ್ಕೆ ಹೊಡೆದರೆ ಚೆಂಡು ಕ್ಷೇಮ, ಆದರೆ ಮುಂದಿನ ಹೊಡೆತ ಇನ್ನಷ್ಟು ಉದ್ದ, ಮೇಲಾಗಿ ಎರಡನೇ ಬಂಕರ್‌ನ ತಲೆಯ ಮೇಲೇ ಹೋಗಬೇಕು. ಬಂಕರ್‌ಗಿಂತ ಹಿಂದೆಯೇ ಚೆಂಡು ನಿಲ್ಲಿಸುವುದು ಮೂರನೇ ದಾರಿ. ಮೊದಲೇ ಧೈರ್ಯ ತೋರುವುದೋ, ಆ ಕಷ್ಟವನ್ನು ಮುಂದಿನ ಹೊಡೆತಕ್ಕೆ ತಳ್ಳುವುದೋ ಎಂಬುದನ್ನು ಆಟಗಾರನೇ ತೀರ್ಮಾನಿಸಬೇಕು.

ಈಗ ಅದೇ ಬಂಕರನ್ನು 160 ಗಜಕ್ಕೆ ತನ್ನಿ. ನುರಿತವರು ಅದನ್ನು ಗಮನಿಸದೆಯೇ ದಾಟಿಸುತ್ತಾರೆ. ಸಿಕ್ಕಿಬೀಳುವವರು ಹೊಸಬರು, ಮಕ್ಕಳು, ವಯಸ್ಸಾದವರು. ಅಲ್ಲಿಗೆ ಬಲವಂತನಿಗೆ ಪರೀಕ್ಷೆಯೇ ಇಲ್ಲ, ದುರ್ಬಲನಿಗೆ ದಂಡ. ಕೇವಲ 60 ಗಜದ ವ್ಯತ್ಯಾಸ ಇಡೀ ಹೋಲ್‌ನ ನ್ಯಾಯವನ್ನೇ ಬುಡಮೇಲು ಮಾಡುತ್ತದೆ.

ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಓಲ್ಡ್ ಕೋರ್ಸ್‌ನ 17ನೇ ಹೋಲ್, ಬಂಕರ್ ಇರುವ ಜಾಗ ಎಷ್ಟು ಮುಖ್ಯ ಎಂಬುದಕ್ಕೆ ಒಳ್ಳೆಯ ಪಾಠ. ಗ್ರೀನ್‌ನ ಮುಂದೆ ಎಡಕ್ಕಿರುವ ರೋಡ್ ಬಂಕರ್ ಅಗಲದಲ್ಲಿ ಸಣ್ಣದು, ಆದರೆ ಆಳವಾದದ್ದು. ಸುತ್ತಲಿನ ಇಳಿಜಾರು ಚೆಂಡನ್ನು ಅದರತ್ತ ಎಳೆಯುವುದರಿಂದ ಅದರ ಹಿಡಿತ ಅಳತೆಗಿಂತ ದೊಡ್ಡದು. 1978ರ ಬ್ರಿಟಿಷ್ ಓಪನ್‌ನಲ್ಲಿ ಜಪಾನಿನ ಟಾಮಿ ನಕಾಜಿಮಾ ಗ್ರೀನ್ ಮೇಲಿಂದ ಪಟ್ ಮಾಡಿದ ಚೆಂಡೇ ಉರುಳಿ ಅದಕ್ಕೆ ಬಿತ್ತು; ಅವರು ಆ ಹೋಲ್‌ಗೆ ಒಂಬತ್ತು ಹೊಡೆತ ತೆತ್ತರು. 2000ದ ಓಪನ್‌ನಲ್ಲಿ ಅದೇ ಅಂಗಳದಲ್ಲಿ ಟೈಗರ್ ವುಡ್ಸ್ 112 ಬಂಕರ್‌ಗಳ ಪೈಕಿ ಒಂದಕ್ಕೂ ನಾಲ್ಕೂ ದಿನ ಚೆಂಡು ಬೀಳಿಸದೆ ಎಂಟು ಹೊಡೆತಗಳ ಅಂತರದಲ್ಲಿ ಗೆದ್ದರು. ಹಾಗೆಂದು ಅಲ್ಲಿ ಬಂಕರ್‌ಗಳು ವ್ಯರ್ಥವಾದವೇ? ಇಲ್ಲ. ಎಲ್ಲಿ ಹೊಡೆಯಬಾರದು ಎಂಬ ಲೆಕ್ಕವನ್ನು ಅವೇ ಹಾಕಿಕೊಟ್ಟವು.

ಅದಿತಿ ಆಡಿದ ಕಸುಮಿಗಸೆಕಿ ಅಂಗಳಕ್ಕೂ ಬಂಕರ್‌ನದೇ ದೊಡ್ಡ ಚರಿತ್ರೆಯಿದೆ. 1930ರ ಹೊತ್ತಿಗೆ ಜಪಾನಿಗೆ ಬಂದ ಇಂಗ್ಲಿಷ್ ವಿನ್ಯಾಸಕಾರ ಚಾರ್ಲ್ಸ್ ಆಲಿಸನ್ ಅಲ್ಲಿ ರೂಪಿಸಿದ ಆಳದ ಗುಂಡಿಗಳನ್ನು ಜಪಾನೀಯರು ಇಂದಿಗೂ ‘ಆಲಿಸನ್ ಬಂಕರ್’ ಎನ್ನುತ್ತಾರೆ. 2016ರಲ್ಲಿ ಟಾಮ್ ಮತ್ತು ಲೋಗನ್ ಫಾಜಿಯೊ ಆ ಅಂಗಳವನ್ನು ಹೊಸದಾಗಿ ತಿದ್ದಿದರು.

ನಮ್ಮಲ್ಲಿ ಗಾಲ್ಫ್ ಹಳೆಯ ಆಟವೇ. ಬೆಂಗಳೂರು ಗಾಲ್ಫ್ ಕ್ಲಬ್ ಆರಂಭವಾದದ್ದು 1876ರಲ್ಲಿ. ಮೈಸೂರು, ಚಿಕ್ಕಮಗಳೂರು, ಕೊಡಗಿನಲ್ಲೂ ಅಂಗಳಗಳಿವೆ. ಇಲ್ಲಿ ಅಂಗಳ ಕಟ್ಟುವವರು, ತಿದ್ದುವವರು ನಮ್ಮ ಮಳೆಯನ್ನು ನೆನಪಿಡಬೇಕು. ಜೋರು ಮಳೆಗೆ ಕಡಿದಾದ ಅಂಚಿನ ಮರಳು ತಳಕ್ಕೆ ಕೊಚ್ಚಿಹೋಗುತ್ತದೆ, ಮಣ್ಣು ಬೆರೆತು ನೀರು ಇಂಗದೆ ನಿಲ್ಲುತ್ತದೆ. ಪ್ರತಿ ಸಲವೂ ಆಳು ಹಚ್ಚಿ ಮರಳನ್ನು ಮೇಲೆಳೆಯಬೇಕು. ಚಿತ್ರದಲ್ಲಿ ಚೆಂದ ಕಾಣಲೆಂದು ತೋಡಿದ ಪ್ರತಿ ಗುಂಡಿಯೂ ವರ್ಷವರ್ಷದ ಖರ್ಚು. ಆಟಗಾರನ ತೀರ್ಮಾನವನ್ನು ಬದಲಿಸದ ಬಂಕರನ್ನು ಮುಚ್ಚಿ ಹುಲ್ಲು ಬೆಳೆಸುವುದೇ ಲೇಸು.

ಅಂಗಳದ ಯೋಗ್ಯತೆಯನ್ನು ಬಂಕರ್‌ಗಳ ಸಂಖ್ಯೆಯಿಂದ ಅಳೆಯಬಾರದು. ದೂರ ಹೊಡೆಯುವವರಿಗೆ ಅಲ್ಲಿ ಅಪಾಯವಿದೆಯೇ, ದೂರ ಹೊಡೆಯಲಾಗದವರಿಗೆ ಬುದ್ಧಿಯಿಂದ ಗೆಲ್ಲುವ ದಾರಿ ಇದೆಯೇ ಎಂದು ಕೇಳಬೇಕು. ಎರಡಕ್ಕೂ ಹೌದು ಎನ್ನುವ ಅಂಗಳಗಳು ಕರ್ನಾಟಕದಲ್ಲಿ ಹೆಚ್ಚಿದರೆ, ತೋಳ್ಬಲ ಕಡಿಮೆಯಿದ್ದರೂ ಯೋಚಿಸಿ ಆಡುವ ಮಕ್ಕಳು ಈ ಆಟದಲ್ಲಿ ಉಳಿಯುತ್ತಾರೆ, ಬೆಳೆಯುತ್ತಾರೆ.